ಉದ್ಘಾಟನೆಯ ಮರುದಿನ



ಕರಾವಳಿಯ ಯಾವುದೇ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರನ್ನು ಕೇಳಿ ನೋಡಿ, ವರ್ಷಕ್ಕೆ ಎಷ್ಟು ರಶೀದಿ ಪುಸ್ತಕ ನಿಮ್ಮ ಗಲ್ಲಾದ ಎದುರು ಬಂದು ನಿಲ್ಲುತ್ತದೆ ಅಂತ. ಬ್ರಹ್ಮಕಲಶಕ್ಕೊಂದು, ನೇಮೋತ್ಸವಕ್ಕೊಂದು, ಚರ್ಚಿನ ಹಬ್ಬಕ್ಕೊಂದು, ಉರೂಸಿಗೊಂದು, ಬಯಲಾಟಕ್ಕೊಂದು, ಕಬಡ್ಡಿ ಪಂದ್ಯಾಟಕ್ಕೊಂದು, ಶಾಲೆಯ ಶತಮಾನೋತ್ಸವಕ್ಕೊಂದು, ಕಿಡ್ನಿ ಹೋದ ಹುಡುಗನ ಚಿಕಿತ್ಸೆಗೊಂದು. ಇಲ್ಲ ಅನ್ನುವವರು ಕಡಿಮೆ. ನೂರೋ ಐನೂರೋ ಬರೆಸುತ್ತಾರೆ. ಈಗ ರಶೀದಿ ಪುಸ್ತಕದ ಜೊತೆ ಕ್ಯೂಆರ್ ಕೋಡ್ ಕೂಡ ಬರುತ್ತದೆ. ಚಿಲ್ಲರೆ ಇಲ್ಲ ಎನ್ನುವ ನೆಪವೂ ಹೋಯಿತು.

ಇವತ್ತು ನಾನು ಮಾತನಾಡುತ್ತಿರುವುದು ಈ ರಶೀದಿ ಪುಸ್ತಕದ ಬಗ್ಗೆ. ಕೊಡಬೇಕೇ ಬೇಡವೇ ಎಂಬುದು ಪ್ರಶ್ನೆಯೇ ಅಲ್ಲ. ಯಾವುದಕ್ಕೆ ಕೊಡುವುದು, ಎಷ್ಟು ಕಾಲ ಕೊಡುವುದು, ಯಾವಾಗ ನಿಲ್ಲಿಸುವುದು, ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು, ಹೇಗೆ ಮಾಡುತ್ತಾರೆ? ಇದು ಪ್ರಶ್ನೆ. ಸಾವಿರ ರೂಪಾಯಿ ಕೊಡುವ ಜಿನಸಿ ಅಂಗಡಿಯವರಿಗೂ, ಸಾವಿರ ಕೋಟಿ ಕೊಡುವ ಫೌಂಡೇಶನ್‌ಗೂ ಇದು ಒಂದೇ ಪ್ರಶ್ನೆ.

ಗುರುವಾಯನಕೆರೆಯಿಂದ ನಾರಾವಿ ಕಡೆಗೆ ಹೋಗುವ ರಸ್ತೆಯಲ್ಲಿ ಅಳದಂಗಡಿ ಅಂತ ಸಣ್ಣ ಪೇಟೆ ಇದೆ. ಅಜಿಲ ಅರಸರ ಅರಮನೆ ಇರುವ ಊರು, ಸತ್ಯದೇವತೆಯ ಸನ್ನಿಧಿ ಇರುವ ಊರು. ಅಲ್ಲಿನ ಒಬ್ಬ ಹಿರಿಯ ವ್ಯಾಪಾರಿ ನನಗೆ ಹೇಳಿದ ಮಾತು ಇದು: "ಕೊಡುದಕ್ಕೆ ಬೇಜಾರಿಲ್ಲ ಮಾರಾಯ್ರೆ. ಕೊಟ್ಟದ್ದು ಎಂತ ಆಯ್ತು ಅಂತ ಒಬ್ಬರೂ ಬಂದು ಹೇಳುದಿಲ್ಲ ಅಲ್ವಾ, ಅದು ಬೇಜಾರು."

ನಾನು ಇಂಜಿನಿಯರಿಂಗ್ ಓದಿದವನು. ಓದಿದ್ದರಲ್ಲಿ ಬಹಳಷ್ಟು ಮರೆತುಹೋಗಿದೆ, ಕಂಟ್ರೋಲ್ ಸಿಸ್ಟಮ್ಸ್ ಅನ್ನುವ ಪಾಠದ ಮೊದಲ ತರಗತಿ ಮಾತ್ರ ನೆನಪಿದೆ. ಅಲ್ಲಿ ಎಲ್ಲ ಮೇಷ್ಟ್ರುಗಳೂ ಕೊಡುವ ಉದಾಹರಣೆ ಬಟ್ಟೆ ಒಗೆಯುವ ಯಂತ್ರ. ಹಳೆಯ ಯಂತ್ರಕ್ಕೆ ಅರ್ಧ ಗಂಟೆ ಅಂತ ಟೈಮರ್ ತಿರುಗಿಸಿದರೆ ಅದು ಅರ್ಧ ಗಂಟೆ ತಿರುಗುತ್ತದೆ. ಬಟ್ಟೆ ಕೊಳೆ ಹೋಯಿತಾ ಇಲ್ಲವಾ, ಅದಕ್ಕೆ ಗೊತ್ತಿಲ್ಲ. ಹತ್ತೇ ನಿಮಿಷದಲ್ಲಿ ಸ್ವಚ್ಛವಾದರೂ ಅದು ತಿರುಗುತ್ತಲೇ ಇರುತ್ತದೆ. ಒಂದು ಗಂಟೆ ಬೇಕಿದ್ದರೂ ಅರ್ಧ ಗಂಟೆಗೆ ನಿಲ್ಲುತ್ತದೆ. ಇದಕ್ಕೆ ಓಪನ್ ಲೂಪ್ ಅನ್ನುತ್ತಾರೆ. ನಮ್ಮ ದಾನದ ದೊಡ್ಡ ಪಾಲು ನಡೆಯುತ್ತಿರುವುದು ಹೀಗೆಯೇ. ದುಡ್ಡು ಸಂಗ್ರಹವಾಗುತ್ತದೆ, ಕಟ್ಟಡ ಏಳುತ್ತದೆ, ಶಾಸಕರು ಬಂದು ಟೇಪು ಕತ್ತರಿಸುತ್ತಾರೆ, ದಾನಿಗಳ ಹೆಸರನ್ನು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಲಾಗುತ್ತದೆ. ಮರುದಿನದಿಂದ ಏನಾಯಿತು? ಅದನ್ನು ಕೇಳುವ ಸಮಿತಿ ಅಷ್ಟರಲ್ಲಿ ವಿಸರ್ಜನೆ ಆಗಿರುತ್ತದೆ.

ಹಿಂದಿನವರಿಗೆ ಈ ಮರುದಿನದ ಯೋಚನೆ ಇತ್ತು. ಅಳದಂಗಡಿಯ ಅಜಿಲರ ಮನೆತನದ ತಿಮ್ಮಣ್ಣ ಅಜಿಲರು 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯ ಮೂರ್ತಿ ನಿಲ್ಲಿಸಿದರು. ಸುಮಾರು 35 ಅಡಿ ಎತ್ತರ. ನಾಲ್ಕು ಶತಮಾನ ಕಳೆದಿದೆ, 2012ರಲ್ಲಿ ಮಹಾಮಸ್ತಕಾಭಿಷೇಕ ಆಯಿತು, 2024ರಲ್ಲಿ ಮತ್ತೆ ಆಯಿತು. ಅರಸರು ಬದಲಾದರು, ಬ್ರಿಟಿಷರು ಬಂದರು ಹೋದರು, ಜಿಲ್ಲೆಯ ಹೆಸರೇ ಬದಲಾಯಿತು, ಆ ಪದ್ಧತಿ ನಿಂತಿಲ್ಲ. ಕಲ್ಲಿನ ಗಟ್ಟಿತನ ಒಂದು ಕಾರಣ ಇರಬಹುದು. ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಸ್ಪಷ್ಟವಾಗಿದ್ದದ್ದು ಇನ್ನೊಂದು ಕಾರಣ.

ಕರ್ನಾಟಕದ ಯಾವ ಮೂಲೆಯ ದಾನಶಾಸನ ತೆಗೆದು ನೋಡಿದರೂ ಈ ಮಾದರಿ ಕಾಣುತ್ತದೆ. ದೇವರಿಗೆ ದೀಪ ಕೊಟ್ಟೆ ಎಂದು ಬರೆಸಿ ಸುಮ್ಮನಾಗುವುದಿಲ್ಲ. ಆ ದೀಪದ ಎಣ್ಣೆಗೆ ಇಂಥ ಗದ್ದೆ, ಅದರ ಗಡಿ ಇಲ್ಲಿಂದ ಇಲ್ಲಿಯವರೆಗೆ, ಅನ್ನದಾನಕ್ಕೆ ಇಷ್ಟು ಅಕ್ಕಿ, ಇದನ್ನು ಅಪಹರಿಸಿದವರಿಗೆ ಇಂಥ ಪಾಪ ಅಂತ ಎಲ್ಲವನ್ನೂ ಕೆತ್ತಿಸುತ್ತಾರೆ. ಶಾಪ ಬರೆದದ್ದು ನಮಗೆ ತಮಾಷೆಯಾಗಿ ಕಾಣಬಹುದು. ಆದರೆ ಆಡಿಟ್ ಇಲ್ಲದ ಕಾಲದಲ್ಲಿ ಅದೇ ಆಡಿಟ್.

ಹಾಗಂತ ಅದು ಶಾಶ್ವತವಾಗಿ ಉಳಿಯಿತಾ? ಇಲ್ಲ. 1974ರ ಭೂಸುಧಾರಣೆ ಬಂತು. ಗದ್ದೆ ಉಳುತ್ತಿದ್ದ ಒಕ್ಕಲಿನವರಿಗೆ ಸಿಕ್ಕಿತು. ಅದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇವಸ್ಥಾನಗಳಿಗೆ ಬರುತ್ತಿದ್ದ ಗೇಣಿ ಅಕ್ಕಿ ನಿಂತಿತು, ಅದರ ಬದಲಿಗೆ ಸರಕಾರದ ತಸ್ತೀಕು ಬಂತು. ತಸ್ತೀಕಿನ ಮೊತ್ತ ಏನೇನೂ ಸಾಲದು ಎಂದು ಅರ್ಚಕರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಇನ್ನು ಶಾಶ್ವತ ಪೂಜೆಯ ಕತೆ ನಿಮಗೆ ಗೊತ್ತೇ ಇದೆ. ಅಜ್ಜ ಯಾವುದೋ ಕಾಲದಲ್ಲಿ ಐನೂರು ರೂಪಾಯಿ ಠೇವಣಿ ಇಟ್ಟು, ಪ್ರತಿ ವರ್ಷ ಇಂಥ ತಿಥಿಗೆ ಪೂಜೆ ಆಗಬೇಕು ಅಂತ ಬರೆಸಿದ್ದರು. ಇವತ್ತು ಐನೂರರ ಬಡ್ಡಿಯಲ್ಲಿ ಒಂದು ಮೊಳ ಮಲ್ಲಿಗೆ ಬರುವುದಿಲ್ಲ. ಮಂಗಳೂರು ಮಲ್ಲಿಗೆಯ ರೇಟು ಶ್ರಾವಣದಲ್ಲಿ ಕೇಳಿದರೆ ಅಜ್ಜನೇ ಬೆಚ್ಚಿಬೀಳುತ್ತಿದ್ದರು. ಕೊಟ್ಟವರ ಉದ್ದೇಶ ಒಳ್ಳೆಯದು, ವ್ಯವಸ್ಥೆಯೂ ಪಕ್ಕಾ. ಕಾಲ ಬದಲಾದಾಗ ಅದನ್ನು ಮತ್ತೆ ತೆರೆದು ನೋಡುವ ಬಾಗಿಲನ್ನು ಮಾತ್ರ ಯಾರೂ ಇಟ್ಟಿರಲಿಲ್ಲ.

ಆ ಬಾಗಿಲು ಇಟ್ಟುಕೊಂಡವರೂ ಇದ್ದಾರೆ. ಅದನ್ನು ನೋಡಲು ಬೆಳ್ತಂಗಡಿ ತಾಲೂಕು ಬಿಟ್ಟು ಹೋಗಬೇಕಾಗಿಲ್ಲ.

1982ರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಶುರುವಾದದ್ದು ಇದೇ ತಾಲೂಕಿನಲ್ಲಿ. ಭೂಮಿಯ ಹಕ್ಕು ಬಂದರೂ ಸಣ್ಣ ರೈತರ ಕೈಯಲ್ಲಿ ಕೃಷಿ ಮಾಡಲು ಕಾಸಿರಲಿಲ್ಲ. ಅಂಥವರಿಗೆ ನೆರವು ಕೊಡುವುದು ಆರಂಭದ ಲೆಕ್ಕ. ಧರ್ಮಸ್ಥಳದ ಪರಂಪರೆಯಲ್ಲಿ ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳಿವೆ. ಈ ನೆರವೂ ಹಾಗೆಯೇ ದಾನವಾಗಿ ಮುಂದುವರಿಯಬಹುದಿತ್ತು. ಮುಂದುವರಿಯಲಿಲ್ಲ. ತೊಂಬತ್ತರ ದಶಕದಲ್ಲಿ ಅದು ಪ್ರಗತಿಬಂಧು ಗುಂಪುಗಳ ದಾರಿ ಹಿಡಿಯಿತು. ಐದಾರು ಮಂದಿ ಸಣ್ಣ ರೈತರು ಸೇರಿ ಒಂದು ಗುಂಪು. ವಾರಕ್ಕೆ ಒಂದು ದಿನ ಎಲ್ಲರೂ ಸೇರಿ ಒಬ್ಬನ ಜಾಗದಲ್ಲಿ ದುಡಿಯಬೇಕು, ಮುಂದಿನ ವಾರ ಇನ್ನೊಬ್ಬನ ಜಾಗದಲ್ಲಿ. ವಾರ ವಾರ ಸಣ್ಣ ಉಳಿತಾಯ. ಮಲೆನಾಡಿನವರು ಮುಯ್ಯಾಳು ಅನ್ನುತ್ತಾರಲ್ಲ, ಅದನ್ನೇ ಒಂದು ಸಂಸ್ಥೆಯ ಶಿಸ್ತಿಗೆ ತಂದದ್ದು.

ಇದರಲ್ಲಿ ಅಡಗಿರುವ ನಿರ್ಧಾರ ಗಮನಿಸಿ. ಕೊಡುವವನು ಕೊಡುವುದನ್ನು ನಿಲ್ಲಿಸಿ, ಪಡೆಯುವವನಲ್ಲಿ ಏನಿದೆ ಎಂದು ಕೇಳಿದ. ಪಡೆಯುವವನಲ್ಲಿ ಇದ್ದದ್ದು ಎರಡು ತೋಳು, ಸ್ವಲ್ಪ ಜಾಗ, ಅಕ್ಕಪಕ್ಕದ ಮನೆಯವರು. ಒಬ್ಬನೇ ತಿಂಗಳುಗಟ್ಟಲೆ ಅಗೆದರೂ ಮುಗಿಯದ ಅಡಿಕೆ ಗುಂಡಿಯನ್ನು ಆರು ಜನ ಸೇರಿದರೆ ಬೇಗ ಮುಗಿಸುತ್ತಾರೆ. ಕೂಲಿ ಕೊಡುವ ದುಡ್ಡು ಉಳಿಯಿತು. ದಾನದಲ್ಲಿ ಸಿಗದ ಇನ್ನೊಂದು ಸಂಗತಿಯೂ ಸಿಕ್ಕಿತು. ಗುಂಪಿನವನು ಈ ವಾರ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರು ಐದು ಜನ ಇದ್ದರು.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸಂಸ್ಥೆ ಮುಂದೆ ಬ್ಯಾಂಕುಗಳ ಪ್ರತಿನಿಧಿಯಾಗಿ ಸಂಘಗಳಿಗೆ ಸಾಲ ತಲುಪಿಸುವ ದೊಡ್ಡ ಜಾಲವಾಗಿ ರಾಜ್ಯಕ್ಕೆಲ್ಲ ಹರಡಿತು. ಬಡ್ಡಿ ಎಷ್ಟು, ವಸೂಲಿ ಹೇಗೆ ಎಂಬ ಪ್ರಶ್ನೆಗಳು ಸಾರ್ವಜನಿಕವಾಗಿ ಎದ್ದಿವೆ, ಸಂಸ್ಥೆ ಅದಕ್ಕೆ ತನ್ನ ಉತ್ತರ ಕೊಟ್ಟಿದೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತಂದಿತು. ನಾನು ಇಲ್ಲಿ ತೀರ್ಪು ಕೊಡಲು ಕುಳಿತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ದಾನಿ ಸಾಲಗಾರನ ಎದುರು ಕುಳಿತ ದಿನ ಸಂಬಂಧವೇ ಬದಲಾಗುತ್ತದೆ. ಕೃತಜ್ಞತೆಯ ಜಾಗಕ್ಕೆ ಕಂತು ಬರುತ್ತದೆ. ಕಂತಿನ ಲೋಕದಲ್ಲಿ ಹಳೆಯ ಗೌರವದ ಮೇಲೆ ನಿಂತು ಮಾತನಾಡಿದರೆ ಸಾಕಾಗುವುದಿಲ್ಲ, ಲೆಕ್ಕ ತೋರಿಸಬೇಕು. 1982ರ ತೀರ್ಮಾನ ಎಷ್ಟೇ ಚೆನ್ನಾಗಿದ್ದರೂ 2025ರ ಪ್ರಶ್ನೆಗೆ ಅದೇ ಉತ್ತರವಾಗುವುದಿಲ್ಲ. ಈ ಮಾತು ಈ ಒಂದು ಸಂಸ್ಥೆಗೆ ಮಾತ್ರ ಹೇಳಿದ್ದಲ್ಲ, ಸಾಲ ಕೊಡುವ ಎಲ್ಲ ಟ್ರಸ್ಟು, ಸೊಸೈಟಿ, ಸಂಘಗಳಿಗೂ ಹೇಳಿದ್ದು.

ಅದೇ 1982ರಲ್ಲಿ ಉಜಿರೆಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ನಿರುದ್ಯೋಗಿ ಯುವಕರಿಗೆ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂವರೂ ಸೇರಿ ಕಟ್ಟಿದ್ದು. ಉಚಿತ ಊಟ, ಉಚಿತ ವಸತಿ, ಕೆಲವೇ ವಾರಗಳ ತರಬೇತಿ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಫೋಟೋಗ್ರಫಿ, ಕಾಲಕ್ಕೆ ತಕ್ಕಂತೆ ವಿಷಯ. ಸರ್ಟಿಫಿಕೇಟ್ ಕೊಟ್ಟು ಕಳುಹಿಸಿ ಕೈತೊಳೆದುಕೊಳ್ಳುವುದಿಲ್ಲ, ಆಮೇಲೂ ಹುಡುಗ ಅಂಗಡಿ ಹಾಕಿದನಾ, ಸಾಲ ಸಿಕ್ಕಿತಾ ಎಂದು ವಿಚಾರಿಸುತ್ತಾರೆ. ಅದು ಫೀಡ್‌ಬ್ಯಾಕ್. ಹೊಲಿಗೆ ಕಲಿತವರಲ್ಲಿ ಎಷ್ಟು ಜನ ಒಂದು ವರ್ಷ ಕಳೆದ ಮೇಲೂ ಹೊಲಿಯುತ್ತಿದ್ದಾರೆ ಎಂದು ಗೊತ್ತಿದ್ದರೆ, ಮುಂದಿನ ವರ್ಷ ಯಾವ ತರಗತಿ ನಡೆಸಬೇಕು, ಯಾವುದನ್ನು ಕೈಬಿಡಬೇಕು ಎಂಬ ನಿರ್ಧಾರ ತಾನಾಗಿಯೇ ಬರುತ್ತದೆ. 2009ರ ಹೊತ್ತಿಗೆ ಕೇಂದ್ರ ಸರಕಾರ ಇದೇ ಮಾದರಿಯನ್ನು ದೇಶದ ಎಲ್ಲ ಜಿಲ್ಲೆಗಳಿಗೆ ಒಯ್ಯುವ ಯೋಜನೆ ಮಾಡಿತು. ಇವತ್ತು ಆರ್‌ಸೆಟಿ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕೇಂದ್ರಗಳು ನಡೆಯುತ್ತಿವೆ, ಹೊಣೆ ಬ್ಯಾಂಕುಗಳದ್ದು. ಉಜಿರೆಯವರೇ ಹಠ ಹಿಡಿದು ದೇಶವೆಲ್ಲ ತಮ್ಮ ಬೋರ್ಡು ಹಾಕುತ್ತೇವೆ ಅಂದಿದ್ದರೆ ಹತ್ತರಲ್ಲಿ ಒಂದು ಭಾಗವೂ ಆಗುತ್ತಿರಲಿಲ್ಲ.

ಅಂದಹಾಗೆ ಆ ಮೂವರು ಪಾಲುದಾರರಲ್ಲಿ ಸಿಂಡಿಕೇಟ್ ಬ್ಯಾಂಕ್ ಇವತ್ತು ಇಲ್ಲ. 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನ ಆಯಿತು. ಉಡುಪಿಯಲ್ಲಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ, ಕಷ್ಟದಲ್ಲಿದ್ದ ನೇಕಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಬ್ಯಾಂಕು ಅದು. 1928ರಲ್ಲಿ ಪಿಗ್ಮಿ ತಂದಿತು, ದಿನಕ್ಕೆ ಎರಡಾಣೆ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವ ಉಳಿತಾಯ. ಇತ್ತ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮೊದಲು ಕಟ್ಟಿದ್ದು ಶಾಲೆ, 1891ರಲ್ಲಿ. ಮೂರು ವರ್ಷಕ್ಕೆ ಹೆಣ್ಣುಮಕ್ಕಳ ಶಾಲೆ. ಆಮೇಲೆ 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅದೇ ಇವತ್ತಿನ ಕೆನರಾ ಬ್ಯಾಂಕು. ದಾನ ಕೊಡಬಲ್ಲ ಶಕ್ತಿ ಇದ್ದ ಈ ಮಂದಿ, ಎಲ್ಲಿ ದಾನ ಬೇಕು, ಎಲ್ಲಿ ಜನರ ದುಡ್ಡನ್ನೇ ಜನರಿಗೆ ಉಳಿಸಿಕೊಡುವ ವ್ಯವಸ್ಥೆ ಬೇಕು ಎಂಬ ವ್ಯತ್ಯಾಸ ತಿಳಿದಿದ್ದವರು.

ನಿಲ್ಲಿಸುವ ನಿರ್ಧಾರ ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಮುಂಬೈಗೆ ಹೋಗಬೇಕು. ನಮ್ಮ ಊರಿನ ರಶೀದಿ ಪುಸ್ತಕಗಳಲ್ಲಿ 'ಮುಂಬೈ ಸಮಿತಿ' ಅನ್ನುವ ಸಾಲು ಇವತ್ತಿಗೂ ಇರುತ್ತದೆ. ಆ ಮುಂಬೈಯಲ್ಲಿ ಒಂದು ಕಾಲದಲ್ಲಿ ತುಳುನಾಡಿನ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕುಳಿತು ಓದುತ್ತಿದ್ದರು. ಮೊಗವೀರರ ಮಂಡಳಿ 1902ರಷ್ಟು ಹಳೆಯದು, ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಆಮೇಲಿನವು. ಇವರೆಲ್ಲ ಹೋಟೆಲ್ ಹುಡುಗರ ಓದಿಗೆ ದುಡಿದವರು. ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆಯಂಥ ಕಡೆ ಕಲಿತು ವಕೀಲರಾದವರಿದ್ದಾರೆ, ಆಫೀಸರುಗಳಾದವರಿದ್ದಾರೆ. ನಿಜವಾದ ಅಗತ್ಯಕ್ಕೆ ಸರಿಯಾದ ಉತ್ತರ ಅದು.

ಮುಂದೆ ಏನಾಯಿತು? ಊರಿನಲ್ಲೇ ಶಾಲೆಗಳು ಬಂದವು, ಹತ್ತನೇ ವಯಸ್ಸಿಗೆ ಬೊಂಬಾಯಿಗೆ ಓಡಿಹೋಗುವ ಹುಡುಗರು ಕಡಿಮೆಯಾದರು. ರಾತ್ರಿ ಶಾಲೆಯ ಬೆಂಚುಗಳು ಖಾಲಿಯಾಗುತ್ತ ಬಂದವು. ಆ ಶಾಲೆಯಲ್ಲೇ ಓದಿ ದೊಡ್ಡವರಾದವರಿಗೆ ಅದನ್ನು ಮುಚ್ಚುವುದೆಂದರೆ ತವರು ಮನೆ ಮಾರಿದ ಹಾಗೆ. ನನಗೆ ಆ ಭಾವನೆ ಅರ್ಥವಾಗುತ್ತದೆ. ಆದರೆ ಸಂಘಗಳು ಅಲ್ಲಿಗೇ ನಿಲ್ಲಲಿಲ್ಲ. ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಕಟ್ಟಿದರು. ಬಂಟರು ಪೊವಾಯಿಯಲ್ಲಿ ಎಸ್. ಎಂ. ಶೆಟ್ಟಿ ಶಾಲೆ, ಕಾಲೇಜು ಎಂದು ಹಗಲಿನ ವಿದ್ಯಾಸಂಸ್ಥೆಗಳ ಕಡೆಗೆ ತಿರುಗಿದರು. ಮೊದಲ ತಲೆಮಾರಿನವರಿಗೆ ಅಕ್ಷರ ಬೇಕಿತ್ತು, ಎರಡನೆಯವರಿಗೆ ಬಂಡವಾಳ, ಮೂರನೆಯವರಿಗೆ ಒಳ್ಳೆಯ ಕಾಲೇಜು. ಹೋಟೆಲ್ ಹುಡುಗನ ಮೇಲಿನ ಪ್ರೀತಿ ಅದೇ, ಅದು ಹರಿಯುವ ತೋಡು ಮಾತ್ರ ಬೇರೆ.

ಈಗ ವಾಪಸ್ ಊರಿಗೆ ಬರೋಣ. ಇವತ್ತು ನಮ್ಮ ಜಿಲ್ಲೆಯ ರಶೀದಿ ಪುಸ್ತಕಗಳ ಎದುರಿಗಿರುವ ದೊಡ್ಡ ಪ್ರಶ್ನೆ ಸರಕಾರಿ ಕನ್ನಡ ಶಾಲೆ. ಶತಮಾನೋತ್ಸವ ಆಚರಿಸುತ್ತೇವೆ, ಹಳೆ ವಿದ್ಯಾರ್ಥಿಗಳೆಲ್ಲ ಸೇರುತ್ತೇವೆ, ದಾನಿಗಳ ದುಡ್ಡಿನಲ್ಲಿ ರಂಗಮಂದಿರ ಕಟ್ಟುತ್ತೇವೆ. ರಂಗಮಂದಿರದ ಮೇಲೆ ಕುಣಿಯಲು ಮಕ್ಕಳೇ ಇಲ್ಲ. ದಾನಿಗಳಿಗೆ ಕಟ್ಟಡ ಇಷ್ಟ. ಕಟ್ಟಡದ ಮೇಲೆ ಹೆಸರು ಬರೆಯಬಹುದು. ಗಣಿತ ಕಲಿಸುವ ಗೌರವ ಶಿಕ್ಷಕಿಯ ಮೇಲೆ ಹೆಸರು ಬರೆಯಲು ಆಗುವುದಿಲ್ಲವಲ್ಲ!

ಒಂದು ಸಣ್ಣ ಲೆಕ್ಕ ಮಾಡೋಣ. ರಂಗಮಂದಿರಕ್ಕೆ 20 ಲಕ್ಷ ಸೇರಿಸಿದ್ದೀರಿ ಎಂದು ಇಟ್ಟುಕೊಳ್ಳಿ. ಅದನ್ನೇ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ, ಶೇಕಡಾ 7ರ ಬಡ್ಡಿ ಅಂದರೂ ವರ್ಷಕ್ಕೆ 1 ಲಕ್ಷದ 40 ಸಾವಿರ. ತಿಂಗಳಿಗೆ 12 ಸಾವಿರದ ಹಾಗೆ ಹತ್ತು ತಿಂಗಳು ಒಬ್ಬ ಶಿಕ್ಷಕಿಗೆ ಸಂಬಳ ಕೊಟ್ಟರೆ 1 ಲಕ್ಷದ 20 ಸಾವಿರ. ಉಳಿದ 20 ಸಾವಿರವನ್ನು ಅಸಲಿಗೇ ಸೇರಿಸಬೇಕು, ಇಲ್ಲದಿದ್ದರೆ ಅಜ್ಜನ ಶಾಶ್ವತ ಪೂಜೆಯ ಗತಿಯೇ. ಬಡ್ಡಿ ಇಳಿದ ವರ್ಷ ಹೆಚ್ಚುವರಿ ಸಂಗ್ರಹವೂ ಬೇಕಾದೀತು. ಆದರೂ ಅಸಲು ಹಾಗೇ ಉಳಿದು, ವರ್ಷ ವರ್ಷ ಒಬ್ಬ ಟೀಚರು ತರಗತಿಯಲ್ಲಿ ಇರುತ್ತಾರೆ. ರಂಗಮಂದಿರ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಸಮಿತಿಯಲ್ಲಿ ಒಂದು ಗಂಟೆ ಜಗಳ ಆದರೂ ಮಾಡಿ. ಜಗಳ ಆಗಿ ರಂಗಮಂದಿರವೇ ಗೆದ್ದರೆ ಆಗಲಿ.

ಬಂಟ್ವಾಳ ತಾಲೂಕಿನ ಮೂಡನಡುಗೋಡಿನಲ್ಲಿ ದಡ್ಡಲಕಾಡು ಸರಕಾರಿ ಶಾಲೆ ಇದೆ. ಮಕ್ಕಳ ಸಂಖ್ಯೆ ಕುಸಿದು ಮುಚ್ಚುವ ಹಂತಕ್ಕೆ ಬಂದಿತ್ತು. ಅಲ್ಲಿಯ ದುರ್ಗಾ ಫ್ರೆಂಡ್ಸ್ ಕ್ಲಬ್‌ನ ಯುವಕರು ಅದನ್ನು ದತ್ತು ತೆಗೆದುಕೊಂಡರು. ನಮ್ಮಲ್ಲಿ ಫ್ರೆಂಡ್ಸ್ ಕ್ಲಬ್ ಅಂದರೆ ವಾಲಿಬಾಲ್, ಮೊಸರುಕುಡಿಕೆ, ಒಂದು ವಾರ್ಷಿಕೋತ್ಸವ. ಇವರು ಪೋಷಕರು ಯಾಕೆ ಮಕ್ಕಳನ್ನು ಬೇರೆ ಕಡೆ ಕಳುಹಿಸುತ್ತಾರೆ ಎಂಬ ಪ್ರಶ್ನೆಯಿಂದ ಹೊರಟರು. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ: ಇಂಗ್ಲಿಷ್ ಬೇಕು, ಮನೆ ಹತ್ತಿರ ಬಂದು ಕರೆದುಕೊಂಡು ಹೋಗುವ ಬಸ್ಸು ಬೇಕು. ಅದನ್ನೇ ಕೊಟ್ಟರು. ಕಟ್ಟಡವನ್ನೂ ಕಟ್ಟಿದರು. ಇವತ್ತು ಅಲ್ಲಿ ನೂರಾರು ಮಕ್ಕಳು. ಶಾಲೆ ಸರಕಾರದ್ದಾಗಿಯೇ ಉಳಿದಿದೆ.

ಈ ಕೊನೆಯ ಮಾತು ಮುಖ್ಯ. ಹರೇಕಳ ಹಾಜಬ್ಬರ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಕಿತ್ತಳೆ ಮಾರಿದ್ದು, ಪದ್ಮಶ್ರೀ ಬಂದದ್ದು, ಬರಿಗಾಲಿನಲ್ಲಿ ರಾಷ್ಟ್ರಪತಿಗಳ ಎದುರು ನಡೆದು ಹೋದದ್ದು, ಎಲ್ಲವನ್ನೂ ಎಲ್ಲ ಚಾನೆಲ್‌ಗಳೂ ತೋರಿಸಿವೆ. ಅವರ ಜಾಣತನದ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತನಾಡಿಲ್ಲ. ಅವರು ಹಾಜಬ್ಬ ವಿದ್ಯಾಸಂಸ್ಥೆ ಅಂತ ಖಾಸಗಿ ಶಾಲೆ ತೆರೆಯಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ನ್ಯೂಪಡ್ಪುವಿಗೆ ಸರಕಾರಿ ಶಾಲೆ ಮಂಜೂರು ಮಾಡಿಸಿಕೊಂಡರು. ತಮ್ಮ ಉಳಿತಾಯ, ದಾನಿಗಳ ದುಡ್ಡು ಜಾಗಕ್ಕೆ, ಕಟ್ಟಡಕ್ಕೆ ಹೋಯಿತು. ಮೇಷ್ಟ್ರ ಸಂಬಳ ಸರಕಾರದ ಲೆಕ್ಕಕ್ಕೆ ಹೋಯಿತು. ಅಂದರೆ ಪ್ರತಿ ತಿಂಗಳು ಬರುವ ಖರ್ಚನ್ನು, ಪ್ರತಿ ತಿಂಗಳು ಕೊಡುವ ಶಕ್ತಿ ಇರುವವರ ಹೆಗಲಿಗೆ ದಾಟಿಸಿದರು. ಕಿತ್ತಳೆ ಬುಟ್ಟಿಯಿಂದ ಸಂಬಳ ಕೊಡಲು ಹೊರಟಿದ್ದರೆ ಎಷ್ಟು ತಿಂಗಳು ನಡೆಯುತ್ತಿತ್ತು ಹೇಳಿ? ಅಕ್ಷರ ಬಾರದ ಮನುಷ್ಯ ಮಾಡಿದ ಈ ತೀರ್ಮಾನದ ಮುಂದೆ ದೊಡ್ಡ ದೊಡ್ಡ ಕನ್ಸಲ್ಟೆಂಟುಗಳ ಪ್ರೆಸೆಂಟೇಶನ್ ಸಪ್ಪೆ.

ದೊಡ್ಡ ದುಡ್ಡಿನ ಲೋಕದ ಬಗ್ಗೆ ಎರಡು ಮಾತು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಅದು ಕಾನೂನು. ತಾನು ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕು ಎಂದೂ ಕಾನೂನೇ ಹೇಳುತ್ತದೆ. ಫ್ಯಾಕ್ಟರಿ ಇರುವ ಕಡೆ ದುಡ್ಡು, ಕಾಡಂಚಿನ ಗ್ರಾಮಕ್ಕೆ ಅರ್ಜಿ. ಇತ್ತ 2020ರಲ್ಲಿ ವಿದೇಶಿ ದೇಣಿಗೆಯ ಕಾನೂನು ಬಿಗಿಯಾಯಿತು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವುದೂ ನಿಂತಿತು. ಬೆಂಗಳೂರಿನ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಗೆ ಹರಿಯುತ್ತಿದ್ದ ಸಣ್ಣ ಸಣ್ಣ ಕಾಲುವೆಗಳು ಬತ್ತಿದವು. ಒಬ್ಬನೇ ದಾನಿಯನ್ನು ನಂಬಿ ಕುಳಿತ ಸಂಸ್ಥೆಗಳಿಗೆ ಪೆಟ್ಟು ಬಿತ್ತು. ಸಾವಿರ ಜನ ನೂರು ನೂರು ಕೊಡುವ ನಮ್ಮ ರಶೀದಿ ಪುಸ್ತಕ ಈ ಒಂದು ವಿಷಯದಲ್ಲಿ ಗಟ್ಟಿ.

ಇನ್ನು ಮೊಟ್ಟೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಸರಕಾರದ ಮೊಟ್ಟೆ, ಉಳಿದ ನಾಲ್ಕು ದಿನ ಫೌಂಡೇಶನ್‌ನದ್ದು. ಮೂರು ವರ್ಷಕ್ಕೆ ಸುಮಾರು 1500 ಕೋಟಿ. ತಿನ್ನದವರಿಗೆ ಬಾಳೆಹಣ್ಣು. ಹಾಜಬ್ಬರಂತೆಯೇ ಇಲ್ಲೂ ಸರಕಾರದ ವ್ಯವಸ್ಥೆಯ ಒಳಗೇ ಹೊಕ್ಕು ಕೆಲಸ ಮಾಡುವ ತೀರ್ಮಾನ, ಬೇರೆ ಅಡುಗೆಮನೆ ಕಟ್ಟಲಿಲ್ಲ. ನನಗೆ ಇದು ಇಷ್ಟ. ಆದರೆ ಮಾರುಕಟ್ಟೆಯಲ್ಲಿ ಬೆಲೆ ಏರಿದಾಗ ನಿಗದಿಯಾದ ದರ ಸಾಲದೆ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಗುತ್ತದೆ ಎಂಬ ದೂರೂ ವರದಿಯಾಗಿದೆ. ಆ ದೂರು ಎಷ್ಟು ಬೇಗ ದುಡ್ಡು ಕೊಡುವವರ ಮೇಜಿಗೆ ತಲುಪುತ್ತದೆ? ಮೂರು ವರ್ಷ ಮುಗಿದ ಮೇಲೆ ಆ ನಾಲ್ಕು ದಿನದ ಮೊಟ್ಟೆ ಯಾರದ್ದು? ದಿನಾ ಮೊಟ್ಟೆ ತಿಂದು ಅಭ್ಯಾಸವಾದ ಮಗುವಿಗೆ ಒಪ್ಪಂದದ ಅವಧಿ ಮುಗಿಯಿತು ಅಂದರೆ ಅರ್ಥವಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಬಜೆಟ್‌ನಲ್ಲಿ ಈಗಲೇ ಹುಡುಕಬೇಕು, ಕೊನೆಯ ತಿಂಗಳಲ್ಲಲ್ಲ.

2019ರ ಆಗಸ್ಟ್ ನೆನಪಿದೆಯಾ? ಚಾರ್ಮಾಡಿ, ದಿಡುಪೆ, ಕುಕ್ಕಾವು ಕಡೆ ಗುಡ್ಡ ಜರಿದು, ತೋಟ ಗದ್ದೆಗಳಲ್ಲಿ ಮರಳು ಮತ್ತು ಮರದ ದಿಮ್ಮಿ ತುಂಬಿತ್ತು. ನೆರೆ ಬಂದಾಗ ರಾಜ್ಯದ ಎಲ್ಲ ಕಡೆಯಿಂದ ಅಕ್ಕಿ, ಬಿಸ್ಕತ್ತು, ಹಳೆ ಬಟ್ಟೆ ಹೊರಡುತ್ತದೆ. ಮೊದಲ ನಾಲ್ಕು ದಿನ ಅದು ಬೇಕು. ಐದನೇ ದಿನದಿಂದ ಬೇಕಾದದ್ದು ಜೆಸಿಬಿ, ಅದರ ಡೀಸೆಲ್ಲು. ಆರನೇ ತಿಂಗಳಲ್ಲಿ ಅಡಿಕೆ ಸಸಿ. ಸಸಿ ನೆಟ್ಟರೆ ಫಸಲು ಬರುವ ತನಕ ಐದಾರು ವರ್ಷ ಮನೆ ನಡೆಯಲು ಬೇರೊಂದು ಆದಾಯ. ಕ್ಯಾಮೆರಾ ಮುಂದಿನ ಸುದ್ದಿಗೆ ಹೋಗುತ್ತದೆ, ಅದು ನಮ್ಮ ಕಸುಬಿನ ಗುಣ. ದಾನದ ದುಡ್ಡು ಕ್ಯಾಮೆರಾದ ಹಿಂದೆಯೇ ಹೋಗಬೇಕೆಂದು ಎಲ್ಲೂ ಬರೆದಿಲ್ಲ. ಸಂಗ್ರಹವಾದದ್ದರಲ್ಲಿ ಅರ್ಧ ಮೊದಲ ವಾರಕ್ಕೆ, ಉಳಿದರ್ಧ ಒಂದು ವರ್ಷ ಕಳೆದ ಮೇಲೆ ಅದೇ ಮನೆಗಳನ್ನು ಕೇಳಿ ಖರ್ಚು ಮಾಡುವುದು ಅಂತ ರಶೀದಿಯ ಮೇಲೆಯೇ ಮುದ್ರಿಸಿದರೆ ಯಾವ ದಾನಿಯೂ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಚಾರ, ಇದು ಇನ್ನೂ ಯಾವ ರಶೀದಿ ಪುಸ್ತಕದಲ್ಲೂ ನನಗೆ ಕಂಡಿಲ್ಲ. ಅಳದಂಗಡಿಯಂಥ ಊರಿನ ಸುತ್ತಮುತ್ತ ಒಳ್ಳೆಯ ತಾರಸಿ ಮನೆಗಳಿವೆ, ಒಳಗೆ ಎಪ್ಪತ್ತೆಂಬತ್ತು ವರ್ಷದ ಇಬ್ಬರು, ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರು, ದುಬೈ, ಮುಂಬೈ. ದುಡ್ಡಿಗೆ ತೊಂದರೆ ಇಲ್ಲ. ಮಂಗಳೂರಿನ ಆಸ್ಪತ್ರೆಗೆ ಜೊತೆಗೆ ಹೋಗಿ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಚಪ್ಪಲಿ ಹಿಡಿದು ಕುಳಿತುಕೊಳ್ಳುವವರು ಇಲ್ಲ. ಊರಿನ ಅಸಹಾಯಕರು ಅಂದರೆ ಬಡವರು ಎಂದೇ ನಮ್ಮ ಸಂಘಗಳ ಪಟ್ಟಿಯಲ್ಲಿ ಇದೆ. ಆ ಪಟ್ಟಿಯನ್ನು ಕೊನೆಯ ಸಲ ಯಾವಾಗ ತಿದ್ದಿದ್ದು? ಈ ಊರುಗಳಲ್ಲಿ ಪ್ರಗತಿಬಂಧು ಗುಂಪಿನಲ್ಲಿ ಸರದಿಯ ಮೇಲೆ ಗುಂಡಿ ತೋಡಿ ಅಭ್ಯಾಸ ಇದ್ದವರು ಇದ್ದಾರೆ. ಅದೇ ಸರದಿಯಲ್ಲಿ ಆಸ್ಪತ್ರೆಗೆ ಹೋಗುವ ಕೆಲಸ ಹಂಚಿಕೊಳ್ಳಲು ಎಷ್ಟು ದುಡ್ಡು ಬೇಕು? ಒಂದು ಕಾರಿನ ಬಾಡಿಗೆ, ಜೊತೆಗೆ ಹೋಗುವವರ ಒಂದು ದಿನದ ಕೂಲಿ.

ಬ್ರಹ್ಮಕಲಶ, ವಾರ್ಷಿಕೋತ್ಸವಗಳ ಸೀಸನ್ ಮೇ ತಿಂಗಳಿಗೆ ಮುಗಿಯುತ್ತದೆ. ಸಮಿತಿಗಳು ಲೆಕ್ಕಪತ್ರ ಮಂಡಿಸಲು ಸೇರುತ್ತವೆ, ಉಳಿಕೆ ಇಷ್ಟು ಎಂದು ಕಾರ್ಯದರ್ಶಿ ಓದುತ್ತಾರೆ. ಮೇ ಕೊನೆಗೆ ಶಾಲೆಯ ಬಾಗಿಲೂ ತೆರೆಯುತ್ತದೆ. ಗೌರವ ಶಿಕ್ಷಕಿಗೆ ಈ ವರ್ಷ ಬನ್ನಿ ಎಂದು ಹೇಳುವುದೋ ಬೇಡವೋ ಎಂಬುದು ಆ ಸಭೆಯಲ್ಲೇ ತೀರ್ಮಾನ ಆಗಬೇಕು. ಚಹಾ ಬರುವ ಮೊದಲೇ ಆ ವಿಷಯ ಎತ್ತಿ. ಚಹಾ ಕುಡಿದ ಮೇಲೆ ಎಲ್ಲರೂ ಚಪ್ಪಲಿ ಹುಡುಕುತ್ತಾರೆ.